ಎಡಗಡೆ ಪಟ್ಟಿಯ ಮೇಡಂ

ಅವರ ಎಡಗಿವಿಯ ಹಾಲೆ ನಡುವೆ ಸೀಳಿ ಎರಡಾಗಿತ್ತು. ಚಿಕ್ಕವರಿದ್ದಾಗ ಟಗರೊಂದು ಓಲೆಗೆ ಕೊಂಬು ಸಿಕ್ಕಿಸಿಕೊಂಡು ಎಳೆದದ್ದಂತೆ. ಹೊಲಿಸಿಕೊಳ್ಳಬಹುದಿತ್ತು, ಹೊಲಿಸಿಕೊಳ್ಳಲಿಲ್ಲ. ಬಲಗಿವಿಗೆ ಒಂದೇ ಒಂದು ಓಲೆ, ಎಡಗಿವಿಯ ಹಿಂದೆ ಸದಾ ಒಂದು ಕೆಂಪು ಪೆನ್ನು. ಹೊಸಬರು ಯಾರಾದರೂ ಆ ಕಿವಿಯನ್ನು ದಿಟ್ಟಿಸಿದರೆ ಸೆರಗು ಎಳೆದುಕೊಳ್ಳುವ ಹೆಂಗಸಲ್ಲ ಅವರು. ಮುಖವನ್ನು ಇನ್ನಷ್ಟು ತಿರುಗಿಸಿ, "ಸರಿಯಾಗಿ ನೋಡ್ಕಳ್ರಿ, ಟಿಕೇಟೇನಿಲ್ಲ" ಅನ್ನುತ್ತಿದ್ದರು.

ದನಿಯೂ ಹಾಗೆಯೇ. ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಕೂಗಿ ಬೆಳೆದ ದನಿ. ಚಿತ್ರದುರ್ಗದಲ್ಲಿ ಔಷಧಿ ಅಂಗಡಿಯೊಂದರ ಮಹಡಿಯ ಮೇಲಿದ್ದ ನಮ್ಮ ಪುಟ್ಟ ಕಚೇರಿಯಲ್ಲಿ ಅವರು ಗುಟ್ಟಾಗಿ ಹೇಳಿದ ಮಾತು ಕೆಳಗೆ ಮಾತ್ರೆ ಕೊಳ್ಳುತ್ತಿದ್ದವರಿಗೂ ಕೇಳುತ್ತಿತ್ತು. ನಾವೆಲ್ಲ ಅವರನ್ನು ಮೇಡಂ ಅನ್ನುತ್ತಿದ್ದೆವು. ನನ್ನ ಮಟ್ಟಿಗೆ ಈಗಲೂ ಆ ಹೆಸರು ಅವರೊಬ್ಬರದೇ.

ನಮ್ಮದು ಖಾಸಗಿ ಕಚೇರಿ. ಬೇರೆ ಬೇರೆ ಇಲಾಖೆಗಳ ಪಟ್ಟಿಗಳನ್ನು ಗುತ್ತಿಗೆ ಹಿಡಿದು, ಕಂಪ್ಯೂಟರಿಗೆ ಏರಿಸಿ, ಒಂದಕ್ಕೊಂದು ಜೋಡಿಸಿ, ವರದಿ ಮಾಡಿಕೊಡುವುದು ಕೆಲಸ. ನಾನು ಬಿಸಿಎ ಮುಗಿಸಿ ಹೊಳಲ್ಕೆರೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಹೊಸ ಹುಡುಗಿ. ಮೊದಲ ದಿನ ಮೇಡಂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು:

"ಎಲ್ಡು ಪಟ್ಟಿ ಕೊಟ್ರೆ ಜೋಡ್ಸಕೆ ಬರ್ತತೇನವ್ವ?"

"ಬರುತ್ತೆ ಮೇಡಂ. ಜಾಯಿನ್ ಹಾಕಿದರಾಯಿತು."

"ಯಾವ ಜಾಯಿನು?"

ನನಗೆ ಗೊತ್ತಿದ್ದುದು ಒಂದೇ. ಎರಡೂ ಪಟ್ಟಿಯಲ್ಲಿ ಸಿಕ್ಕವರನ್ನು ತೋರಿಸುವ ಮಾಮೂಲಿ ಜಾಯಿನ್. ಅದನ್ನೇ ಹೇಳಿದೆ. ಮೇಡಂ ನಕ್ಕು, ಮಧ್ಯಾಹ್ನದ ಊಟದ ಹೊತ್ತಿಗೆ ಎರಡು ಹಾಳೆ ತಂದರು. ಎಡಗಡೆಯ ಹಾಳೆಯಲ್ಲಿ ಕಚೇರಿಯಲ್ಲಿದ್ದ ಹನ್ನೊಂದು ಜನರ ಹೆಸರು. ಬಲಗಡೆಯ ಹಾಳೆಯಲ್ಲಿ ಅವತ್ತು ಹೋಟೆಲಿನಿಂದ ಯಾರಿಗೆ ಏನು ತರಬೇಕು ಎಂಬ ಪಟ್ಟಿ. ಇಬ್ಬರಿಗೆ ಮುದ್ದೆ, ನಾಲ್ವರಿಗೆ ಅನ್ನ, ಹೀಗೆ. "ಜೋಡ್ಸು ನೋಡಾಣ" ಅಂದರು. ನಾನು ಕಂಪ್ಯೂಟರಿನಲ್ಲಿ ಬರೆದು ಜೋಡಿಸಿದೆ. ಹತ್ತು ಸಾಲು ಬಂತು.

"ವಾಚ್‌ಮನ್ ತಾತ ಎಲ್ಲಿಗೋದ?"

"ಅವರು ಊಟ ಹೇಳಿಲ್ಲ ಮೇಡಂ. ಬಲಗಡೆ ಪಟ್ಟಿಯಲ್ಲಿ ಇಲ್ಲ."

"ಊಟ ಹೇಳ್ಲಿಲ್ಲ ಅಂತ ಮನುಷ್ಯನೇ ಇಲ್ಲಂಗೆ ಆಗ್ತಾನೇನು? ಬಾಗಿಲಾಗೆ ಕುಂತವ್ನಲ್ಲ, ಹೋಗಿ ನೋಡ್ಕಂಡ್ ಬಾ."

ಆಮೇಲೆ ಲೆಫ್ಟ್ ಜಾಯಿನ್ ಹೇಳಿಕೊಟ್ಟರು. ಎಡಗಡೆಯ ಪಟ್ಟಿಯಲ್ಲಿರುವ ಒಬ್ಬರನ್ನೂ ಅದು ಬಿಡುವುದಿಲ್ಲ. ಬಲಗಡೆ ಜೋಡಿ ಸಿಕ್ಕರೆ ಪಕ್ಕದಲ್ಲಿ ತಂದು ಕೂರಿಸುತ್ತದೆ, ಸಿಗದಿದ್ದರೆ ಆ ಜಾಗವನ್ನು ಖಾಲಿ ಬಿಡುತ್ತದೆ, ಅಷ್ಟೇ. ಈ ಸಲ ಹನ್ನೊಂದು ಸಾಲು ಬಂತು. ತಾತನ ಹೆಸರಿನ ಮುಂದೆ ಏನೂ ಇರಲಿಲ್ಲ. ಮೇಡಂ ಕೆಂಪು ಪೆನ್ನಿನಿಂದ ಪರದೆಯ ಮೇಲಿನ ಆ ಖಾಲಿ ಜಾಗಕ್ಕೆ ಟಕ್ ಎಂದು ತಟ್ಟಿದರು. "ಕೆಲ್ಸ ಇರಾದು ಇಲ್ಲಿ ಕಣವ್ವ. ತುಂಬಿರಾದ್ರಾಗೆ ಏನೈತೆ?" ಆಮೇಲೆ ಬಾಗಿಲಿನವರೆಗೂ ಹೋಗಿ ತಾತನನ್ನು ಕೇಳಿದರು. ತಾತನಿಗೆ ಹಲ್ಲುನೋವು, ಏನೂ ಬೇಡವೆಂದು ಸುಮ್ಮನೆ ಕೂತಿದ್ದರು. ಕೆಳಗಿನ ಅಂಗಡಿಯಿಂದ ಮಾತ್ರೆ ಬಂತು, ಮೆತ್ತಗಿನ ಮೊಸರನ್ನ ಬಂತು.

ಮೇಡಂ ಹುಟ್ಟಿದ್ದು ಐಮಂಗಲದಿಂದ ಒಳಗೆ ಹೋಗಬೇಕಾದ ಒಂದು ಹಟ್ಟಿಯಲ್ಲಿ. ಕುರಿ ಸಾಕುವ ಮನೆ. ಸುಗ್ಗಿ ಮುಗಿದ ಮೇಲೆ ಮಂದೆ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಹಟ್ಟಿಗೆ ಬರುತ್ತಿರಲಿಲ್ಲ. ಶಾಲೆಯಲ್ಲಿ ಗೈರುಹಾಜರಿ ಎಂದು ಇವರ ಹೆಸರು ಹೊಡೆದುಹಾಕುತ್ತಿದ್ದರು. "ಎಲ್ಡು ಸತಿ ಹೊಡೆದಾಕಿದ್ರು. ಎಲ್ಡು ಸತೀನೂ ನಮ್ಮವ್ವ ಹೋಗಿ ಬಾಗಿಲಾಗೆ ಕುಂತು ಬರ್ಸಿದ್ಲು. ಅವಳಿಗೆ ಓದಕೆ ಬರ್ತಿರ್ಲಿಲ್ಲ. ಮೇಷ್ಟ್ರು ಬರ್ದ ಮ್ಯಾಲೆ ಇನ್ನೊಬ್ಬರ ತಾವ ಓದ್ಸಿ, ನನ್ನ ಹೆಸ್ರೇ ಅಂತ ಗ್ಯಾರಂಟಿ ಆದ ಮ್ಯಾಲೆ ಎದ್ಲು." ಹಿರಿಯೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಎಸ್ಸೆಸ್ಸೆಲ್ಸಿ ಮುಗಿಸಿದರು, ಟೈಪಿಂಗ್ ಕಲಿತರು, ಆಮೇಲೆ ಕಂಪ್ಯೂಟರಿಗೆ ಅಂಕಿ ತುಂಬುವ ಕೆಲಸ ಹಿಡಿದರು. ಪಟ್ಟಿ ಜೋಡಿಸುವುದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಒಂದು ದಪ್ಪ ಇಂಗ್ಲಿಷ್ ಪುಸ್ತಕ, ಪಕ್ಕದಲ್ಲಿ ಒಂದು ನಿಘಂಟು. ಆ ಪುಸ್ತಕದ ಅಂಚಿನಲ್ಲೆಲ್ಲ ಕನ್ನಡದಲ್ಲಿ ಬರೆದ ಟಿಪ್ಪಣಿಗಳನ್ನು ನಾನೇ ನೋಡಿದ್ದೇನೆ.

ಜಗಳ ಅವರಿಗೆ ಆಗಿಬರುತ್ತಿತ್ತು. ಹೈವೇ ಬಸ್ಸುಗಳು ಹಟ್ಟಿಗೆ ಒಳದಾರಿ ಹೊರಡುವ ಗೇಟಿನಲ್ಲಿ ನಿಲ್ಲಿಸುತ್ತಿರಲಿಲ್ಲ. ಮೇಡಂ ಕಂಡಕ್ಟರಿಗೆ ಮೊದಲು ಮೆತ್ತಗೆ ಹೇಳುವರು. ಆಮೇಲೆ ಎದ್ದು ಬಾಗಿಲಿಗೆ ಬಂದು, "ನಿಲ್ಲಿಸ್ರಿ. ಇಲ್ಲಿ ನಿಲ್ಲಂಗಿಲ್ಲ ಅಂತ ಎಲ್ಲಿ ಬರ್ದೈತೆ ತೋರಿಸ್ರಿ, ಮುಂದಿನ ಸ್ಟಾಪಿಂದ ನಡ್ಕಂಡ್ ಬರ್ತೀನಿ" ಅನ್ನುವರು. ಬರೆದದ್ದು ಎಲ್ಲಿಯೂ ಇರುತ್ತಿರಲಿಲ್ಲ. ಬಸ್ಸು ನಿಲ್ಲುತ್ತಿತ್ತು. ಕಚೇರಿಯಲ್ಲಿ ಚಪ್ಪಲಿಯನ್ನು ಮೇಜಿನ ಕೆಳಗೆ ಬಿಟ್ಟು ಬರಿಗಾಲಲ್ಲಿ ಓಡಾಡುವುದು, ಪೇಪರಿನಲ್ಲಿ ಸುತ್ತಿದ ಬೇಯಿಸಿದ ಶೇಂಗಾವನ್ನು ಕೀಬೋರ್ಡಿನ ಪಕ್ಕವೇ ಸುಲಿಯುವುದು, ಮ್ಯಾನೇಜರ್ ಬಂದರೂ ಸುಲಿಯುವುದನ್ನು ನಿಲ್ಲಿಸದಿರುವುದು, ಇವೆಲ್ಲ ಅವರ ಅಭ್ಯಾಸಗಳು. ನಮಗೆ ಹಾಕಿದ್ದ ನಿಯಮ ಮಾತ್ರ ಒಂದೇ. ಜೋಡಿಸುವ ಮೊದಲು ಎಡಗಡೆಯ ಪಟ್ಟಿಯಲ್ಲಿ ಎಷ್ಟು ಜನ ಎಂದು ಎಣಿಸಿ ಬರೆದಿಟ್ಟುಕೊಳ್ಳಬೇಕು, ಜೋಡಿಸಿದ ಮೇಲೆ ಇನ್ನೊಮ್ಮೆ ಎಣಿಸಬೇಕು. ಎರಡೂ ಒಂದೇ ಬರದಿದ್ದರೆ ಊಟಕ್ಕೆ ಏಳುವ ಹಾಗಿಲ್ಲ.

ನಾನು ಸೇರಿ ಎರಡನೇ ವರ್ಷ ಮಕ್ಕಳ ಲಸಿಕೆಯ ಕೆಲಸ ಬಂತು. ನಾಲ್ಕು ತಾಲ್ಲೂಕುಗಳ ಒಂದಷ್ಟು ಹಳ್ಳಿಗಳಲ್ಲಿ ಮನೆಮನೆ ಸಮೀಕ್ಷೆ ಮಾಡಿ ಐದು ವರ್ಷದೊಳಗಿನ ಮಕ್ಕಳ ಹೆಸರು ಬರೆದುಕೊಂಡಿದ್ದರು. ಅದು ಎಡಗಡೆಯ ಪಟ್ಟಿ. ಲಸಿಕೆ ಹಾಕಿದ ದಿನಗಳ ಪುಸ್ತಕ ಬಲಗಡೆಯದು. ಎರಡನ್ನೂ ಜೋಡಿಸಿ, ದಡಾರದ ಲಸಿಕೆ ಎಷ್ಟು ಮಕ್ಕಳಿಗೆ ಆಗಿದೆ ಎಂದು ವರದಿ ಕೊಡಬೇಕಿತ್ತು. ಮೇಡಂ ಲೆಫ್ಟ್ ಜಾಯಿನ್ ಹಾಕಿ ಮೊದಲ ಪಟ್ಟಿ ತೆಗೆದರು. ಹೆಸರಿನ ಮುಂದೆ ಖಾಲಿ ಇದ್ದ ಸಾಲುಗಳೇ ಎರಡೂವರೆ ಪುಟ ಬಂದವು. ಹೆಚ್ಚಿನವು ಹಟ್ಟಿಗಳವು.

ಮ್ಯಾನೇಜರ್ ನೋಡಿ ಮುಖ ಸಿಂಡರಿಸಿದರು. ಅವರು ಕೆಟ್ಟವರೇನಲ್ಲ, ದಾವಣಗೆರೆಯ ಕಡೆಯವರು, ನಮ್ಮ ಮದುವೆ ಮುಂಜಿಗಳಿಗೆ ತಪ್ಪದೆ ಬರುತ್ತಿದ್ದರು. ಆದರೆ ವರದಿ ಚೆಂದ ಕಾಣಬೇಕು ಎಂಬ ಹಟ. "ಇವರು ಕುರಿ ಹೊಡ್ಕೊಂಡು ಎಲ್ಲೋ ಹೋಗಿರ್ತಾರೆ ಮೇಡಂ. ಊರಲ್ಲೇ ಇಲ್ಲದವರನ್ನ ಯಾಕೆ ಲೆಕ್ಕಕ್ಕೆ ತಗೊಳ್ತೀರ?"

"ಸಮೀಕ್ಷೆ ಮಾಡಿದ ದಿವಸ ಇದ್ರಲ್ಲ ಸಾರ್. ಹೆಸ್ರು ಐತಲ್ಲ."

"ಇರಲಿ. ತೋರಿಸೋದು ಬೇಡ."

"ತೋರ್ಸದಿದ್ರೆ ಯಾರು ಹೋಗಿ ಹುಡುಕ್ತಾರೆ?"

ಮ್ಯಾನೇಜರ್ ಅಲ್ಲಿಗೆ ಬಿಟ್ಟರು. ಎರಡು ದಿನ ಬಿಟ್ಟು, ಮೇಡಂ ಹಿರಿಯೂರಿಗೆ ಯಾವುದೋ ಮದುವೆಗೆ ಹೋಗಿದ್ದಾಗ, ನನ್ನನ್ನು ಒಳಗೆ ಕರೆದರು. "ಜಾಯಿನ್ ಏನೂ ಬದಲಾಯಿಸೋದು ಬೇಡಮ್ಮ. ಮೇಡಂ ಬರೆದದ್ದು ಹಾಗೇ ಇರಲಿ. ಕೊನೆಯಲ್ಲಿ ಒಂದು ಸಾಲು ಸೇರಿಸು. ಲಸಿಕೆ ಹಾಕಿದ ತಾರೀಖು ಕಳೆದ ಐದು ವರ್ಷದ್ದಾಗಿರಬೇಕು ಅಂತ. ಹಳೇ ನಮೂದು ಬಂದು ಗಲಿಬಿಲಿ ಆಗೋದು ಬೇಡ, ಅಷ್ಟೇ."

ಕೇಳುವುದಕ್ಕೆ ನ್ಯಾಯವಾದ ಮಾತು. ಸೇರಿಸಿದೆ. ಕೊನೆಯಲ್ಲಿ ಅಂಥ ಷರತ್ತು ಹಾಕಿದರೆ ಲೆಫ್ಟ್ ಜಾಯಿನ್ ಇದ್ದೂ ಇಲ್ಲದ ಹಾಗೆ. ತಾರೀಖೇ ಇಲ್ಲದ ಮಗುವಿನ ತಾರೀಖು ಕಳೆದ ಐದು ವರ್ಷದ್ದಾಗಿರಲು ಹೇಗೆ ಸಾಧ್ಯ? ಖಾಲಿ ಇದ್ದವರೆಲ್ಲ ಒಂದೇ ಏಟಿಗೆ ಉದುರಿಹೋಗುತ್ತಾರೆ. ನನಗೆ ಅದು ಗೊತ್ತಿರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳುತ್ತೇನೆ: ಅರ್ಧ ಗೊತ್ತಿತ್ತು. ಅವತ್ತು ನಾನು ಎಣಿಸಲಿಲ್ಲ. ಎಣಿಸಿದರೆ ಪೂರ್ತಿ ಗೊತ್ತಾಗುತ್ತಿತ್ತು, ಅದಕ್ಕೇ ಎಣಿಸಲಿಲ್ಲ. ವರದಿ ಮಾತ್ರ ಬಹಳ ಚೆಂದ ಬಂತು. ಪಟ್ಟಿಯಲ್ಲಿ ಉಳಿದ ಪ್ರತಿ ಮಗುವಿಗೂ ಲಸಿಕೆ ಆಗಿತ್ತು.

ಮರುದಿನ ಮೇಡಂ ಬಂದವರೇ ಎಣಿಸಿದರು. ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಬೈಯುತ್ತಾರೆ, ಕೆಳಗಿನ ಅಂಗಡಿಗೂ ಕೇಳುತ್ತದೆ ಅಂದುಕೊಂಡೆ. ಅವರು ಮೊದಲ ಸಲ ನಿಜವಾಗಿಯೂ ಮೆತ್ತಗೆ ಮಾತಾಡಿದ್ದು ಅವತ್ತೇ.

"ಭಾನುವಾರ ಬಿಡುವೈತಾ?"

"ಇದೆ ಮೇಡಂ."

"ಹಂಗಾರೆ ಬಾ. ಹೋಗಾಣ."

ಆ ಎರಡೂವರೆ ಪುಟಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಮೇಡಂ ಭರಮಸಾಗರದ ಬಸ್ ಹತ್ತಿದರು, ಹಿಂದೆ ನಾನು. ಯಾರ ಮಂದೆ ಎಲ್ಲಿದೆ ಎಂದು ಅವರು ಹಟ್ಟಿಯವರಿಗೆ ಫೋನು ಮಾಡಿ ಮೊದಲೇ ತಿಳಿದುಕೊಂಡಿದ್ದರು. ಲಸಿಕೆ ಹಾಕುವವರಿಗೆ ಹೊಳೆಯದ ಉಪಾಯ ಅಷ್ಟು ಸಲೀಸಾಗಿತ್ತು. ಊರು ದಾಟಿ ಕೆರೆಯ ಆಚೆ ನಡೆದೆವು. ಮೆಕ್ಕೆಜೋಳ ಕೊಯ್ದ ಹೊಲದಲ್ಲಿ ಮಂದೆ ಬಿಟ್ಟಿತ್ತು. ಬಲೆ ಕಟ್ಟಿದ ಆವರಣದಲ್ಲಿ ಮರಿಗಳು, ಕತ್ತೆಯ ಮೇಲೆ ಇನ್ನೂ ಇಳಿಸದ ಗಂಟುಮೂಟೆ, ಮೂರು ಕಲ್ಲಿನ ಒಲೆ. ಒಲೆಯ ಹತ್ತಿರ ಇದ್ದ ಹೆಂಗಸು ನಮ್ಮನ್ನು ನೋಡಿ ಕಂಬಳಿ ಹಾಸಿ, "ಕುಂತ್ಕಳ್ರಿ" ಅಂದಳು. ಮೇಡಂ ಪಟ್ಟಿ ತೆಗೆದು ಓದಿದರು.

"ಭೂಮಿಕಾ ಅಂದ್ರೆ ಯಾರವ್ವ?"

ಆ ಹೆಂಗಸು ಬಲೆಯೊಳಗೆ ಮರಿಗಳ ನಡುವೆ ಕೂತಿದ್ದ ಒಂದು ಹುಡುಗಿಯನ್ನು ತೋರಿಸಿದಳು. ಎರಡು ವರ್ಷ ಇರಬಹುದು. ಕುರಿಮರಿಯ ಬಾಯಿಗೆ ತನ್ನ ಬೆರಳು ಕೊಟ್ಟುಕೊಂಡು ಗಂಭೀರವಾಗಿ ನಮ್ಮನ್ನೇ ನೋಡುತ್ತಿದ್ದಳು. "ನನ್ ಮಗಳು. ಇವಳ ಹೆಸ್ರು ನಿಮಗೆಂಗೆ ಗೊತ್ತು?"

"ಬರ್ಕಂಡಿದ್ರಲ್ಲ, ಹಟ್ಟಿಗೆ ಬಂದಿದ್ದಾಗ. ದಡಾರದ ಸೂಜಿ ಹಾಕ್ಸಿಲ್ವಾ?"

"ಹಾಕ್ತೀವಿ ಬರ್ರಿ ಅಂತ ಹೇಳಿದ ದಿವಸ ನಾವು ಇಲ್ಲಿದ್ವಿ. ಹಟ್ಟಿಗೆ ಹೋದಾಗ ಅವ್ರು ಇಲ್ಲ." ಅವಳು ಒಲೆಯ ಕಡೆ ತಿರುಗಿ, ಉರಿ ಸರಿಮಾಡುತ್ತ ಹೇಳಿದಳು, "ಇವಳ ಮ್ಯಾಲೆ ಒಬ್ಬ ಇದ್ದ. ಹೋದ ವರ್ಸ ಮೈ ತುಂಬಾ ಎದ್ದು ಜ್ವರ ಬಂತು. ಆಸ್ಪತ್ರೆಗೆ ತಗಂಡು ಹೋಗಷ್ಟ್ರಾಗೆ ಉಸ್ರು ಕಟ್ಟಿ ಹೋತು. ದಡಾರ ಅಂದ್ರು."

ನಾನು ಅಳಿಸಿದ ಸಾಲು ನನ್ನೆದುರಿಗೆ ಬಲೆಯೊಳಗೆ ಕೂತು ಕುರಿಮರಿಗೆ ಬೆರಳು ಚೀಪಿಸುತ್ತಿತ್ತು.

ಮೇಡಂ ಕೇಳಿದರು, "ನೀವು ಊರಾಗೆ ಇರಲ್ಲ, ಅದ್ಕೇ ನಿಮ್ಮನ್ನ ಲೆಕ್ಕಕ್ಕೆ ತಗಳಾದು ಬ್ಯಾಡ ಅಂತಾರಲ್ಲವ್ವ. ಏನ್ ಹೇಳ್ತೀಯ?"

ಆ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಮ್ಮ ಕುರಿ ಗೊಬ್ರ ಊರಿಗೆ ಬೇಕು. ನಮ್ಮ ಓಟು ಊರಿಗೆ ಬೇಕು, ಎಲ್ಲಿದ್ರೂ ಗಾಡಿ ಮಾಡ್ಕಂಡು ಬಂದು ಕರ್ಕಂಡು ಹೋಗ್ತಾರೆ. ನನ್ ಮಗಳಿಗೆ ಸೂಜಿ ಹಾಕಾದು ಬಂದ್ರೆ ಮಾತ್ರ ನಾವು ಊರಾಗಿಲ್ಲ. ಹಂಗಂದೋರ್ನ ಇಲ್ಲಿಗೆ ಕರ್ಕಂಡ್ ಬರ್ರಿ, ನಾನು ಮಾತಾಡ್ತೀನಿ."

ಮೇಡಂ ಮುಖ ಅರಳಿತು. ತನ್ನಂಥದೇ ಇನ್ನೊಂದು ದನಿ ಕೇಳಿದ ಸಂತೋಷ ಇರಬೇಕು. ಅವತ್ತೂ ಮುಂದಿನ ಭಾನುವಾರವೂ ನಾವು ತಾಳ್ಯದ ಕಡೆ, ಹೊಸದುರ್ಗದ ರಸ್ತೆಯ ಕಡೆ ಮಂದೆಗಳನ್ನು ಹುಡುಕಿಕೊಂಡು ತಿರುಗಿದೆವು. ಸಿಕ್ಕ ಪ್ರತಿ ಮಗುವಿನ ಹೆಸರಿನ ಮುಂದೆ ಮಂದೆಯ ಹಿರಿಯರ ಫೋನ್ ನಂಬರನ್ನೂ, ಇನ್ನು ಎಷ್ಟು ದಿನ ಎಲ್ಲಿರುತ್ತಾರೆ ಎಂಬುದನ್ನೂ ಮೇಡಂ ಕೆಂಪಿನಲ್ಲಿ ಬರೆದುಕೊಂಡರು. ಐದಾರು ಮಕ್ಕಳು ಮಾತ್ರ ಎಷ್ಟು ಕೇಳಿದರೂ ಪತ್ತೆಯಾಗಲಿಲ್ಲ. ಅವರ ಮುಂದೆ ಏನೂ ಬರೆಯಲಿಲ್ಲ, ಆದರೆ ಹೆಸರು ಹೊಡೆದುಹಾಕಲೂ ಇಲ್ಲ.

ವರದಿ ಒಪ್ಪಿಸುವ ಸಭೆ ಬಂತು. ಉದ್ದನೆಯ ಮೇಜು, ಗೋಡೆಯ ಮೇಲೆ ಬಿಳಿ ಪರದೆ, ಒಂದಷ್ಟು ಅಧಿಕಾರಿಗಳು. ನಡುವೆ ಕೂತಿದ್ದವರು ಒಬ್ಬ ಹಿರಿಯ ವೈದ್ಯೆ. ಮ್ಯಾನೇಜರ್ ಮಾತಾಡುವುದು, ಮೇಡಂ ಕಂಪ್ಯೂಟರಿನಲ್ಲಿ ಪುಟ ತಿರುಗಿಸುವುದು ಎಂದು ಏರ್ಪಾಡು. ಮ್ಯಾನೇಜರ್ ತಂದದ್ದು ಆ ಚೆಂದದ ವರದಿಯನ್ನೇ. ನಾನು ಹಿಂದಿನ ಸಾಲಿನಲ್ಲಿ ಕಡತ ಹಿಡಿದುಕೊಂಡು ಕೂತಿದ್ದೆ. "ಪಟ್ಟಿಯಲ್ಲಿರುವ ಎಲ್ಲ ಮಕ್ಕಳಿಗೂ ಲಸಿಕೆ ಆಗಿದೆ" ಎಂದು ಮ್ಯಾನೇಜರ್ ಹೇಳಿದರು. ಯಾರೋ ಮೇಜು ತಟ್ಟಿದರು.

"ಒಂದ್ನಿಮಿಷ ತಡೀರಿ ಸಾರ್" ಎಂದರು ಮೇಡಂ. ಅವರಿಗೆ ಮೈಕು ಬೇಕಾಗಲಿಲ್ಲ. "ಸಮೀಕ್ಷೆಯಾಗೆ ಎಷ್ಟು ಮಕ್ಕಳಿದ್ರು, ಇಲ್ಲಿ ಎಷ್ಟು ಜನ ಅವ್ರೆ, ಎಣಿಸಿ ತೋರಿಸ್ತೀನಿ."

"ಮೇಡಂ, ಅದೆಲ್ಲ ಈಗ ಬೇಡ" ಎಂದರು ಮ್ಯಾನೇಜರ್.

"ಈಗಲ್ದೆ ಯಾವಾಗ?"

ಎಲ್ಲರ ಎದುರಿಗೆ ಎಡಗಡೆಯ ಪಟ್ಟಿ ಎಣಿಸಿದರು. ವರದಿಯನ್ನು ಎಣಿಸಿದರು. ಎರಡು ಅಂಕಿ ಪರದೆಯ ಮೇಲೆ ಒಂದರ ಕೆಳಗೆ ಒಂದು ನಿಂತವು. ಆಮೇಲೆ ಕೊನೆಯ ಸಾಲಿನಲ್ಲಿದ್ದ ಷರತ್ತನ್ನು ತೆಗೆದುಹಾಕಿ, ಪಟ್ಟಿಗಳನ್ನು ಮತ್ತೆ ಜೋಡಿಸಿದರು. ಉದುರಿಹೋಗಿದ್ದ ಮಕ್ಕಳೆಲ್ಲ ಸಾಲಾಗಿ ಬಂದರು. ಹೆಸರು, ವಯಸ್ಸು, ಹಟ್ಟಿ, ಆಮೇಲೆ ಖಾಲಿ. ಮೇಡಂ ಪುಟವನ್ನು ನಿಧಾನವಾಗಿ ಕೆಳಗೆ ಎಳೆಯುತ್ತಲೇ ಹೋದರು. ಯಾರೂ ಮೇಜು ತಟ್ಟಲಿಲ್ಲ.

ಮ್ಯಾನೇಜರ್ ಸಾವರಿಸಿಕೊಂಡು ನಕ್ಕರು. "ನಮ್ಮ ಹೊಸ ಹುಡುಗಿ ಯಾರೋ ತಿಳಿಯದೆ ಒಂದು ಸಾಲು ಹೆಚ್ಚಿಗೆ ಬರೆದಿದ್ದಾರೆ. ಸರಿಪಡಿಸ್ತೀವಿ."

ಮೇಡಂ ನನ್ನ ಕಡೆ ತಿರುಗಲೇ ಇಲ್ಲ. "ಹುಡುಗೀರ ಸುದ್ದಿ ಬ್ಯಾಡ ಸಾರ್. ಈ ಪಟ್ಟಿ ನನ್ನ ಕೈಯಾಗೆ ಐತೆ, ಜವಾಬ್ದಾರಿ ನಂದು. ಬರಿರಿ ಅಂತ ಹೇಳಿದ್ದು ಯಾರು ಅಂತ ನಾನು ಕೇಳಲ್ಲ. ಇದನ್ನ ಬಿಟ್ಟು ಬೇರೆ ವರದಿಗೆ ನಾನು ಸಹಿ ಮಾತ್ರ ಹಾಕಲ್ಲ."

ಆ ಗಳಿಗೆಯಲ್ಲಿ ನಾನು ಎದ್ದು ನಿಲ್ಲಬೇಕಿತ್ತು. ಬರೆದದ್ದು ನಾನು, ಬರೆಸಿದ್ದು ಇವರು ಎಂದು ಹೇಳಬೇಕಿತ್ತು. ಎರಡೇ ಮಾತು. ಕಡತವನ್ನು ಎದೆಗೆ ಒತ್ತಿಕೊಂಡು ಕೂತೇ ಇದ್ದೆ.

ವೈದ್ಯೆ ಸಭೆ ಮುಗಿದ ಮೇಲೆ ಮೇಡಂ ಹತ್ತಿರ ಬಂದು ಆ ಕೆಂಪು ಬರಹದ ಹಾಳೆಗಳನ್ನು ಕೇಳಿದರು. ಮುಂದಿನ ವಾರದಿಂದ ಲಸಿಕೆಯ ಗಾಡಿ ಹಟ್ಟಿಗಳ ಬದಲು ಮಂದೆಗಳಿದ್ದ ಹೊಲಗಳಿಗೇ ಹೋಯಿತು. ದಾರಿ ತೋರಿಸಲು ಮೇಡಂ ಮುಂದಿನ ಸೀಟಿನಲ್ಲಿ ಕೂತರು. ಭೂಮಿಕಾಳಿಗೆ ಸೂಜಿ ಹಾಕಿದಾಗ ಅವಳು ಅತ್ತದ್ದಕ್ಕಿಂತ ಅವಳ ಅಮ್ಮ ನಕ್ಕದ್ದೇ ಜೋರಾಗಿತ್ತಂತೆ.

ಕಚೇರಿಯಲ್ಲಿ ಮಾತ್ರ ಮ್ಯಾನೇಜರ್ ಸಭೆಯ ದಿನವೇ ಹೇಳಿಬಿಟ್ಟಿದ್ದರು, "ನಾಳೆಯಿಂದ ಬರಬೇಡಿ."

"ಬರ್ತೀನಿ" ಎಂದಿದ್ದರು ಮೇಡಂ. "ಬ್ಯಾಡ ಅನ್ನಾದಾದ್ರೆ ಕಾಗದ ಕೊಡ್ರಿ. ಯಾಕೆ ಬ್ಯಾಡ ಅಂತ ಅದ್ರಾಗೆ ಬರ್ದಿರ್ಬೇಕು."

ಕಾಗದ ಬರಲು ಒಂಬತ್ತು ದಿನ ಹಿಡಿಯಿತು. ಗಾಡಿಯ ಜೊತೆ ಹೋದ ಎರಡು ದಿನ ಬಿಟ್ಟರೆ ಮೇಡಂ ದಿನಾ ಹತ್ತಕ್ಕೆ ಸರಿಯಾಗಿ ಬಂದರು. ಕಂಪ್ಯೂಟರಿನ ಪಾಸ್‌ವರ್ಡ್ ಬದಲಾಯಿಸಿದ್ದರು, ಕೆಲಸ ಯಾವುದೂ ಕೊಡುತ್ತಿರಲಿಲ್ಲ. ಅವರು ಕಪ್ಪು ಪರದೆಯ ಎದುರು ಬೆನ್ನು ನೆಟ್ಟಗೆ ಮಾಡಿ ಕೂತು ಶೇಂಗಾ ಸುಲಿಯುತ್ತಿದ್ದರು. ಅವರೊಂದಿಗೆ ಮಾತಾಡಬಾರದೆಂದು ನಮಗೆಲ್ಲ ಸೂಚನೆಯಾಗಿತ್ತು. ವಾಚ್‌ಮನ್ ತಾತ ಒಬ್ಬರೇ ದಿನಾ ಬೆಳಗ್ಗೆ, ಸಂಜೆ, "ಬಂದ್ರಾ ಮೇಡಂ", "ಹೊಂಟ್ರಾ ಮೇಡಂ" ಎಂದು ಜೋರಾಗಿಯೇ ಮಾತಾಡಿಸಿದರು. ಹತ್ತನೇ ದಿನ ಕಾಗದ ಬಂತು. ಕಾರಣದ ಜಾಗದಲ್ಲಿ "ಹೊಂದಾಣಿಕೆಯ ಕೊರತೆ" ಎಂದಿತ್ತು. ಮೇಡಂ ಅದನ್ನು ಗಟ್ಟಿಯಾಗಿ ಓದಿ, ಕಚೇರಿಯೆಲ್ಲ ಕೇಳುವಂತೆ ನಕ್ಕರು. "ನೋಡ್ರಪ್ಪ, ನಾನೂ ಜೋಡಿ ಸಿಗದ, ಹೊಂದಾಣಿಕೆ ಆಗದಿರೋ ಸಾಲೇ ಆದೆ!" ಎಂದು ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದರು.

ಆಮೇಲೆ ಅವರು ಹಿರಿಯೂರಿನಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡರು. ಯಾವುದೋ ಕಚೇರಿಯ ಕಿಟಕಿಯಲ್ಲಿ "ನಿಮ್ಮ ಹೆಸರು ಬರ್ತಿಲ್ಲ" ಅನ್ನಿಸಿಕೊಂಡವರೆಲ್ಲ ಅಲ್ಲಿಗೆ ಬರತೊಡಗಿದರು. ರೇಷನ್ ಪಟ್ಟಿಯಿಂದ ಬಿದ್ದುಹೋದವರು, ಪಿಂಚಣಿ ನಿಂತ ಮುದುಕಿಯರು. ಮೇಡಂ ಅವರಿಗೆ ಅರ್ಜಿ ಬರೆದುಕೊಡುತ್ತಿದ್ದರು, ಕೆಲವೊಮ್ಮೆ ಜೊತೆಗೆ ಹೋಗಿ ಕಿಟಕಿಯ ಮುಂದೆ ನಿಲ್ಲುತ್ತಿದ್ದರು. ಎಲ್ಲರದೂ ಸರಿಯಾಗಲಿಲ್ಲ. ಸರಿಯಾಗುವುದಿಲ್ಲ ಎಂದು ಅವರು ಯಾರಿಗೂ ಹೇಳಲೂ ಇಲ್ಲ.

ನಾನು ಅದೇ ಕಚೇರಿಯಲ್ಲಿ ಇನ್ನೂ ಒಂದು ವರ್ಷ ಇದ್ದೆ. ಅವರಿಗೆ ಫೋನು ಮಾಡುವ ಮುಖ ಇರಲಿಲ್ಲ. ಕುಡಿಯುವ ನೀರಿನ ಇಲಾಖೆಯಲ್ಲಿ ಬೇರೆ ಕೆಲಸ ಸಿಕ್ಕಿತು, ಮದುವೆಯಾಯಿತು, ಮಗ ಹುಟ್ಟಿದ. ಮಗನಿಗೆ ದಡಾರದ ಲಸಿಕೆ ಹಾಕಿಸಿಕೊಂಡು ಬಂದ ದಿನ ಧೈರ್ಯ ಮಾಡಿ ಫೋನು ಮಾಡಿದೆ. "ಯಾರವ್ವ? ಓ, ನೀನಾ! ಎಷ್ಟು ದಿವಸ ಆತು. ಮಗೀಗೆ ಜ್ವರ ಬಂದ್ರೆ ಹೆದ್ರಬ್ಯಾಡ, ಎಲ್ಡು ದಿವ್ಸ ಇರ್ತತೆ" ಎಂದರು. ನಡುವೆ ಏನೂ ಆಗಿಲ್ಲವೇನೋ ಎಂಬಂತೆ. ನಾನು ಫೋನು ಹಿಡಿದುಕೊಂಡೇ ಅತ್ತೆ.

ಕೊನೆಯ ಸಲ ನೋಡಿದ್ದು ದಾವಣಗೆರೆಯ ಆಸ್ಪತ್ರೆಯಲ್ಲಿ. ಮೂತ್ರಪಿಂಡ ಕೈಕೊಟ್ಟಿತ್ತು. ಕೈಕಾಲು ಊದಿ, ದೊಡ್ಡ ಮೈ ಮಂಚದಲ್ಲಿ ಸೋತು ಮಲಗಿತ್ತು. ದನಿ ಮಾತ್ರ ಸೋತಿರಲಿಲ್ಲ. ಪಕ್ಕದ ಮಂಚದವಳಿಗೆ ಔಷಧಿ ತಡವಾಯಿತೆಂದು ನರ್ಸಿನ ಹತ್ತಿರ ವಾದ ಮಾಡುತ್ತಿದ್ದರು. ಆಗ ನನ್ನ ಹೊಸ ಕೆಲಸದಲ್ಲೂ ಒಂದು ವರದಿ ಬಂದಿತ್ತು. ಕುಡಿಯುವ ನೀರಿನ ಕೊಳವೆಬಾವಿಗಳು. ಪರೀಕ್ಷೆಯೇ ಆಗದ ಬಾವಿಗಳನ್ನು ಕೈಬಿಟ್ಟು, ಪರೀಕ್ಷೆಯಾಗಿ ಪಾಸಾದವನ್ನಷ್ಟೇ ತೋರಿಸಿ, ಎಲ್ಲ ನೀರೂ ಕುಡಿಯಲು ಯೋಗ್ಯ ಎಂದು ನಾನು ಸಹಿ ಹಾಕಬೇಕಿತ್ತು. ಹಾಕಿದರೆ ಮೇಲಿನ ಹುದ್ದೆ. ಅದನ್ನೆಲ್ಲ ಹೇಳಿದೆ. ಸಭೆಯ ದಿನ ನಾನು ಎದ್ದು ನಿಲ್ಲಲಿಲ್ಲ ಎಂಬುದನ್ನೂ, ಇಷ್ಟು ವರ್ಷಕ್ಕೆ, ಬಾಯಿಬಿಟ್ಟು ಹೇಳಿದೆ. "ನನಗೆ ಹೆದರಿಕೆ ಆಗಿತ್ತು ಮೇಡಂ. ಈಗಲೂ ಆಗ್ತಿದೆ."

ಅವರು ಊದಿದ ಕೈಯಿಂದ ಮಂಚದ ಅಂಚು ತಟ್ಟಿ, ಹತ್ತಿರ ಕೂರು ಎಂದು ಸನ್ನೆ ಮಾಡಿದರು.

"ಹೆದ್ರಿಕೆ ಆದ್ರೆ ಹೆದ್ರು ಕಣವ್ವ. ಯಾರು ಬ್ಯಾಡ ಅಂದ್ರು? ನಾನೇನು ಹೆದ್ರಿರ್ಲಿಲ್ಲ ಅಂದ್ಕಂಡಿಯಾ? ಆ ಒಂಬತ್ತು ದಿವ್ಸ ಕೆಳಗಿನ ಔಷಧಿ ಅಂಗಡಿ ಮುಂದೆ ಎಲ್ಡು ಸುತ್ತು ಹಾಕಿ ಆಮ್ಯಾಲೆ ಮೆಟ್ಲು ಹತ್ತುತಿದ್ದೆ. ನಿನಗೆ ಮನೆ ಐತೆ, ಮಗ ಅವ್ನೆ. ಸಹಿ ಹಾಕು ಅಂತಾನೂ ನಾನು ಹೇಳಲ್ಲ, ಬ್ಯಾಡ ಅಂತಾನೂ ಹೇಳಲ್ಲ. ಹೆದ್ರಿ ಮಾಡಿದ್ದನ್ನ ಸರಿ ಅಂತ ಮಾತ್ರ ಯಾರಿಗೂ ಹೇಳಬ್ಯಾಡ. ನಿನಗೆ ನೀನೂ ಹೇಳ್ಕಬ್ಯಾಡ."

ಆಮೇಲೆ ನನ್ನ ಮಗ ಯಾವ ಶಾಲೆ ಎಂದು ಕೇಳಿದರು. ಬಸ್ಸಿಗೆ ಹೊತ್ತಾಯಿತು ಎಂದು ನನ್ನನ್ನು ಗದರಿಸಿ ಕಳಿಸಿದರು. ಹದಿನೈದು ದಿನದಲ್ಲಿ ತೀರಿಕೊಂಡರು. ಮಣ್ಣು ಮಾಡಿದ್ದು ಅವರ ಹಟ್ಟಿಯ ಹೊಲದಲ್ಲಿ. ಅವತ್ತು ಹೋಗಿದ್ದೆ. ಇಷ್ಟು ಜನ ಎಲ್ಲಿಂದ ಬಂದರು ಎಂದು ಅವರ ತಮ್ಮನೇ ಬೆರಗಾಗಿ ನಿಂತಿದ್ದ.

ಮೂರು ದಿನದ ಮೇಲೆ ಕಚೇರಿಗೆ ಹೋದೆ. ಬಾವಿಗಳ ವರದಿ ಸಹಿಗೆಂದು ಮೇಜಿನ ಮೇಲೆ ಕಾಯುತ್ತಿತ್ತು. ಪರೀಕ್ಷೆಯಾಗದ ಬಾವಿಗಳ ಪಟ್ಟಿಯನ್ನೂ ಸೇರಿಸಿ ಬೇರೆ ವರದಿ ಮಾಡಿ, ಅದಕ್ಕೆ ಸಹಿ ಹಾಕಿ, ಸಾಹೇಬರ ಕೈಗೇ ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು, "ಇದರ ಪರಿಣಾಮ ಗೊತ್ತಾ ನಿಮಗೆ?" ಎಂದು ಕೇಳಿದರು. "ಗೊತ್ತು ಸಾರ್. ಎಣಿಸಿ ನೋಡಿ" ಎಂದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಬಂತು. ಹೊರಗೆ ಕೂತಿದ್ದವರು ತಿರುಗಿ ನೋಡಿದರು.

ಮೇಲಿನ ಹುದ್ದೆ ಬೇರೆಯವರಿಗೆ ಹೋಯಿತು. ನನ್ನನ್ನು ಹೊಸದುರ್ಗಕ್ಕೆ ಹಾಕಿದರು. ದಿನಾ ಎರಡು ಬಸ್ಸು ಬದಲಾಯಿಸಿ ಬರಬೇಕು. ಪರೀಕ್ಷೆಯಾಗದ ಬಾವಿಗಳಿಗೆ ಈ ಬೇಸಿಗೆಯಲ್ಲಿ ನೀರಿನ ಮಾದರಿ ತರಲು ಬಾಟಲಿ ಹಿಡಿದುಕೊಂಡು ಇಲಾಖೆಯವರು ಹೋಗುತ್ತಿದ್ದಾರೆ. ಎರಡು ಬಾವಿಗಳ ಕೈಪಂಪಿಗೆ ಕೆಂಪು ಬಣ್ಣ ಬಳಿದು, ಕುಡಿಯಬೇಡಿ ಎಂದು ಬರೆದಿದ್ದಾರಂತೆ. ಇಲ್ಲಿಗೆ ಹಾಕಿದ್ದು ನನಗೆ ಶಿಕ್ಷೆ ಎಂದು ಸಾಹೇಬರು ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ.